ದಾರಿಯ ಅಡುಗೆಮನೆಗೆ ಏನು ಬೇಕು, ಏನು ಬೇಡ?

ಊರು ಬಿಟ್ಟು ಹೊರಡುವಾಗ ಬುತ್ತಿ ಕಟ್ಟಿಕೊಳ್ಳುವುದು ನಮ್ಮ ಹಿರಿಯರಿಂದ ಬಂದ ಪದ್ಧತಿ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯವರು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡರೆಂದರೆ ನಾಲ್ಕಾರು ದಿನ ಒಲೆಯ ಗೊಡವೆಯೇ ಇಲ್ಲ. ತಾಳವಾಡಿ, ಹೊಸೂರು ಕಡೆಯವರಿಗೆ ಹಾಗಾಗದು. ಮುದ್ದೆ ಬಿಸಿಯಾಗಿಯೇ ಇರಬೇಕು. ಕಾಸರಗೋಡಿನವರಿಗೆ ಕುಚ್ಚಲಕ್ಕಿ ಅನ್ನ ಇಲ್ಲದಿದ್ದರೆ ಉಂಡಂತೆಯೇ ಅನಿಸುವುದಿಲ್ಲ. ಹೀಗಾಗಿ ಯಾತ್ರೆಯ ಮಾತು ಬಂದಾಗಲೆಲ್ಲ ನಮ್ಮ ಮನೆಗಳಲ್ಲಿ ಏಳುವ ಮೊದಲ ಪ್ರಶ್ನೆ, "ಊಟಕ್ಕೇನು ಮಾಡೋಣ?"

ಇಂದು ಈ ಪ್ರಶ್ನೆ ಹೊಸ ರೂಪ ಪಡೆದಿದೆ. ಆಗಸ್ಟ್ 29ರಿಂದ ಸೆಪ್ಟೆಂಬರ್ 8ರವರೆಗೆ ನಡೆಯುವ ವೇಳಾಂಕಣ್ಣಿ ಮಾತೆಯ ಹಬ್ಬಕ್ಕೆ ಎರಡು ಮೂರು ಕುಟುಂಬಗಳು ಸೇರಿ ಟೆಂಪೋ ಟ್ರಾವೆಲರ್ ಬಾಡಿಗೆಗೆ ಹಿಡಿಯುತ್ತವೆ. ಕೇರಳ ಸರ್ಕಾರ 2021ರಲ್ಲಿ ಕಾರವಾನ್ ಪ್ರವಾಸೋದ್ಯಮ ನೀತಿಯನ್ನು ಪ್ರಕಟಿಸಿದ ಮೇಲೆ, ಮಲಗಲು ಮಂಚ, ಅಡುಗೆಗೆ ಕಟ್ಟೆ, ಶೌಚಾಲಯ ಎಲ್ಲವೂ ಇರುವ ಗಾಡಿಗಳ ಪರಿಚಯವೂ ನಮಗಾಗಿದೆ. ಅಮೆರಿಕ, ಕೆನಡಾಗಳಲ್ಲಿರುವ ನಮ್ಮ ಮಕ್ಕಳು ಇಂಥ ಗಾಡಿಯನ್ನು 'ಆರ್‌ವಿ' ಎನ್ನುತ್ತಾರೆ. ತಂದೆತಾಯಿ ಅಲ್ಲಿಗೆ ಹೋದಾಗ ಅದರಲ್ಲೇ ಕೂರಿಸಿಕೊಂಡು ಊರು ತೋರಿಸುವವರೂ ಇದ್ದಾರೆ. ಇಂಥ ಪುಟ್ಟ ಅಡುಗೆಮನೆಗೆ ಯಾವ ಸಾಧನಗಳನ್ನು ಆರಿಸಿಕೊಳ್ಳಬೇಕು? ಅಂಗಡಿಯವನು ಎಲ್ಲವೂ ಬೇಕು ಎನ್ನುತ್ತಾನೆ. ನಾವು ಸ್ವಲ್ಪ ಕುಳಿತು ಯೋಚಿಸೋಣ.

ಮೊದಲು ಪ್ರಾಣ, ಆಮೇಲೆ ಊಟ

2023ರ ಆಗಸ್ಟ್ 26ರ ಬೆಳಗಿನ ಜಾವ ಮದುರೈ ರೈಲು ನಿಲ್ದಾಣದ ಬಳಿ ನಿಲ್ಲಿಸಿದ್ದ ಪ್ರವಾಸಿ ಬೋಗಿಯೊಂದಕ್ಕೆ ಬೆಂಕಿ ಬಿತ್ತು. ಉತ್ತರ ಪ್ರದೇಶದಿಂದ ಯಾತ್ರೆಗೆ ಬಂದಿದ್ದವರಲ್ಲಿ ಒಂಬತ್ತು ಮಂದಿ ಸತ್ತರು. ನಿಯಮ ಮೀರಿ ಒಳಗೆ ತಂದಿದ್ದ ಅಡುಗೆ ಅನಿಲದ ಸಿಲಿಂಡರೇ ಕಾರಣವೆಂದು ರೈಲ್ವೆ ತಿಳಿಸಿತು. ಅವರಿಗೆ ಬೇಕಾಗಿದ್ದುದು ಬೆಳಗಿನ ಒಂದು ಲೋಟ ಬಿಸಿ ಚಹಾ ಅಷ್ಟೇ.

2024ರ ಡಿಸೆಂಬರ್‌ನಲ್ಲಿ ನಮಗೆ ಇನ್ನೂ ಹತ್ತಿರದ ವಡಗರದಲ್ಲಿ, ರಸ್ತೆಬದಿಗೆ ನಿಲ್ಲಿಸಿದ್ದ ಕಾರವಾನ್‌ನೊಳಗೆ ಇಬ್ಬರು ಶವವಾಗಿ ಸಿಕ್ಕರು. ಗಾಡಿಯ ಜನರೇಟರ್‌ನ ಹೊಗೆಯಲ್ಲಿದ್ದ ಕಾರ್ಬನ್ ಮಾನಾಕ್ಸೈಡ್ ಒಳಗೆ ನುಗ್ಗಿತ್ತೆಂದು ಪರಿಣತರ ತನಿಖೆಯಿಂದ ತಿಳಿಯಿತು. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರಿಗೆ ಎಚ್ಚರವೂ ಆಗುವುದಿಲ್ಲ.

ಈ ಎರಡು ಘಟನೆಗಳಿಂದ ನಾವು ಕಲಿಯಬೇಕಾದದ್ದು ಸ್ಪಷ್ಟ. ರೈಲಿನಲ್ಲಿ ಅನಿಲ, ಸೀಮೆಎಣ್ಣೆ, ಸ್ಟವ್ ಒಯ್ಯುವುದೇ ಬೇಡ. ಅದು ಕಾನೂನಿಗೂ ವಿರುದ್ಧ. ಟೆಂಪೋ, ಮಿನಿಬಸ್ಸಿನ ಒಳಗೆ ಒಲೆ ಹಚ್ಚುವುದು ಬೇಡ; ಗಾಡಿ ಓಡುತ್ತಿರುವಾಗಲಂತೂ ಕಾರವಾನ್‌ನಲ್ಲೂ ಬೇಡ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೇರಿ ಹೋಗದೆ ನೆಲದ ಮಟ್ಟದಲ್ಲಿ, ಆಸನಗಳ ಕೆಳಗೆ ನಿಂತುಬಿಡುತ್ತದೆ. ಕಿಟಕಿ ತೆರೆದಿದೆಯೆಂದು ಧೈರ್ಯ ಪಡುವಂತಿಲ್ಲ. ಅನಿಲದ ಒಲೆ ಬೇಕೇ ಬೇಕೆಂದರೆ ಗಾಡಿ ನಿಲ್ಲಿಸಿ, ಹೊರಗೆ ಬಯಲಿನಲ್ಲಿ, ಗಾಳಿಗೆ ಮರೆ ಮಾಡಿಕೊಂಡು ಹಚ್ಚಬೇಕು. ಜನರೇಟರ್ ಓಡಿಸಿಟ್ಟು ಒಳಗೆ ಯಾರೂ ಮಲಗಬಾರದು. ಕಾರವಾನ್ ಬಾಡಿಗೆಗೆ ಪಡೆಯುವವರು, ಅನಿಲ ಸೋರಿಕೆಗೂ ಕಾರ್ಬನ್ ಮಾನಾಕ್ಸೈಡಿಗೂ ಎಚ್ಚರಿಕೆಯ ಗಂಟೆ ಇದೆಯೇ, ಅದು ಕೆಲಸ ಮಾಡುತ್ತದೆಯೇ ಎಂದು ಕೇಳಿ, ಒತ್ತಿ ನೋಡಿಯೇ ಮುಂಗಡ ಕೊಡಬೇಕು.

ಇನ್ನೊಂದು ಮಾತು. ತಾಳವಾಡಿಯಿಂದ ದಿಂಬಂ ಮೂಲಕ ಸತ್ಯಮಂಗಲಕ್ಕೆ ಇಳಿಯುವವರು, ವಯನಾಡು, ನೀಲಗಿರಿಯವರು ಹುಲಿ ರಕ್ಷಿತಾರಣ್ಯದ ದಾರಿಯಲ್ಲೇ ಹೋಗಬೇಕು. ಅಲ್ಲಿ ಗಾಡಿ ನಿಲ್ಲಿಸಿ ಒಲೆ ಹಚ್ಚುವಂತಿಲ್ಲ. ಕಾಡು ದಾಟಿದ ಮೇಲೆಯೇ ಅಡುಗೆ.

ಬ್ಯಾಟರಿಯ ಲೆಕ್ಕ

ಹಾಗಾದರೆ ಎಲ್ಲವನ್ನೂ ಕರೆಂಟಿನಲ್ಲೇ ಮಾಡಬಹುದಲ್ಲ ಎಂದು ಕೇಳಬಹುದು. ತಿಂಗಳ ಸಂಬಳಕ್ಕೆ ತಕ್ಕಂತೆ ಮನೆಯ ಖರ್ಚು ಹೊಂದಿಸುವ ಗೃಹಿಣಿಗೆ ಈ ಲೆಕ್ಕ ಕಷ್ಟವಲ್ಲ. 12 ವೋಲ್ಟ್, 100 ಆಂಪಿಯರ್-ಅವರ್ ಬ್ಯಾಟರಿಯಲ್ಲಿರುವುದು 1200 ವ್ಯಾಟ್-ಗಂಟೆ. ಹಳೆಯ ಸೀಸದ ಬ್ಯಾಟರಿಯಾದರೆ ಅದರ ಅರ್ಧವನ್ನಷ್ಟೇ ಬಳಸಬೇಕು. ಪೂರ್ತಿ ಖಾಲಿ ಮಾಡಿದರೆ ಅದು ಬೇಗ ಹಾಳಾಗುತ್ತದೆ. ಲಿಥಿಯಂ ಬ್ಯಾಟರಿಯಾದರೆ ಬಹುಪಾಲು ಬಳಸಬಹುದು. ಎರಡರಲ್ಲೂ ಇನ್ವರ್ಟರ್ ತನ್ನ ಪಾಲೆಂದು ನೂರಕ್ಕೆ ಹತ್ತು ಹದಿನೈದು ತಿಂದುಬಿಡುತ್ತದೆ.

ಈಗ ಖರ್ಚು ನೋಡಿ. 500 ವ್ಯಾಟ್‌ನ ರೈಸ್ ಕುಕ್ಕರ್ ಅರ್ಧ ಗಂಟೆ ಓಡಿದರೆ 250. ಒಂದು ಲೀಟರ್ ನೀರು ಕುದಿಸಲು ಸುಮಾರು 100. ಇಂಡಕ್ಷನ್ ಒಲೆಯಲ್ಲಿ 1200 ವ್ಯಾಟ್‌ಗೆ ಇಟ್ಟು ಇಪ್ಪತ್ತು ನಿಮಿಷ ಸಾರು ಕುದಿಸಿದರೆ 400. ಮಿಕ್ಸಿ ಐದು ನಿಮಿಷ ತಿರುಗಿದರೆ ಕೇವಲ 40. ಒಟ್ಟು 790. ಒಂದು ಹೊತ್ತಿನ ಊಟಕ್ಕೇ ಸೀಸದ ಬ್ಯಾಟರಿ ಸಾಲದು. ಲಿಥಿಯಂ ಬ್ಯಾಟರಿಯೂ ಬಹುತೇಕ ಬರಿದಾಗುತ್ತದೆ. ರಾತ್ರಿ ದೀಪಕ್ಕೆ, ಫ್ಯಾನಿಗೆ ಏನು ಉಳಿಯಿತು?

ಇದರಿಂದ ಒಂದು ಸೂತ್ರ ಸಿಗುತ್ತದೆ: ತಿರುಗುವ ಸಾಧನ ಕರೆಂಟನ್ನು ಕಡಿಮೆ ತಿನ್ನುತ್ತದೆ, ಕಾಯಿಸುವ ಸಾಧನ ಹೆಚ್ಚು ತಿನ್ನುತ್ತದೆ. ಆದ್ದರಿಂದ ಮಿಕ್ಸಿ, ದೀಪ, ಫ್ಯಾನುಗಳನ್ನು ಬ್ಯಾಟರಿಗೆ ಬಿಡಿ. ಅನ್ನ ಸಾರುಗಳನ್ನು ತಂಗುವ ಜಾಗದ ಕರೆಂಟಿಗೋ ಹೊರಗಿನ ಅನಿಲದ ಒಲೆಗೋ ಬಿಡಿ.

ತಂಗುವ ಜಾಗದಲ್ಲೂ ಪ್ಲಗ್ಗಿನ ಗಾತ್ರ ಗಮನಿಸಿ. ಚಿಕ್ಕ ಪ್ಲಗ್ 6 ಆಂಪಿಯರ್‌ನದು. 1380 ವ್ಯಾಟ್‌ಗಿಂತ ಹೆಚ್ಚು ಎಳೆಯಬಾರದು. 1500 ವ್ಯಾಟ್‌ನ ಕೆಟಲ್, 2000 ವ್ಯಾಟ್‌ನ ಇಂಡಕ್ಷನ್ ಒಲೆಗಳಿಗೆ 16 ಆಂಪಿಯರ್‌ನ ದೊಡ್ಡ ಪ್ಲಗ್ಗೇ ಬೇಕು. ತೆಳ್ಳಗಿನ ಎಕ್ಸ್‌ಟೆನ್ಷನ್ ವೈರಿಗೆ ಎರಡನ್ನೂ ಸಿಕ್ಕಿಸಿದರೆ ವೈರು ಕರಗಿ ಬೆಂಕಿ ಹತ್ತುವುದಕ್ಕೆ ಹೆಚ್ಚು ಹೊತ್ತು ಬೇಡ. ಅಡುಗೆಗೆ ಅನುಮತಿ ಇದೆಯೇ ಎಂದು ಅಲ್ಲಿಯವರನ್ನು ಮೊದಲೇ ಕೇಳಿಕೊಳ್ಳುವುದು ಸೌಜನ್ಯವೂ ಹೌದು, ಕ್ಷೇಮವೂ ಹೌದು.

ಒಂದೊಂದಾಗಿ ನೋಡೋಣ

ಪ್ರೆಷರ್ ಕುಕ್ಕರ್: ಇದೊಂದನ್ನು ಬಿಡಬೇಡಿ. ನಾಲ್ಕು ಜನಕ್ಕೆ 3 ಲೀಟರಿನದು, ಆರು ಜನಕ್ಕೆ 5 ಲೀಟರಿನದು ಸಾಕು. ಇದರೊಳಗೆ ನೀರು ಸುಮಾರು 120 ಡಿಗ್ರಿಯವರೆಗೆ ಕಾಯುವುದರಿಂದ ಸಮಯವೂ ಉರುವಲೂ ಉಳಿಯುತ್ತವೆ. ಊಟಿಯವರಿಗೆ ಇದರ ಬೆಲೆ ಹೇಳಬೇಕಾಗಿಲ್ಲ. ಸುಮಾರು 2240 ಮೀಟರ್ ಎತ್ತರದ ಅಲ್ಲಿ ನೀರು 92 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿ ಬೇಳೆ ಬೇಯುವುದೇ ಇಲ್ಲವೆನ್ನಬೇಕು. ಐಎಸ್‌ಐ ಮುದ್ರೆ ನೋಡಿ ಕೊಳ್ಳಿ. ಹೊರಡುವ ಮುನ್ನ ಗ್ಯಾಸ್ಕೆಟ್, ಸೇಫ್ಟಿ ವಾಲ್ವ್ ಪರೀಕ್ಷಿಸಿ, ಒಂದು ಗ್ಯಾಸ್ಕೆಟ್ ಹೆಚ್ಚಾಗಿಯೇ ಇಟ್ಟುಕೊಳ್ಳಿ. ತಳ ಇಂಡಕ್ಷನ್ನಿಗೂ ಒಗ್ಗುವಂಥದ್ದಾದರೆ ಎರಡು ಕಡೆಗೂ ಆಯಿತು.

ಇಂಡಕ್ಷನ್ ಒಲೆ: ತಂಗುವ ಜಾಗದಲ್ಲಿ ಇದು ಉತ್ತಮ ಸಂಗಾತಿ. ಜ್ವಾಲೆಯಿಲ್ಲ, ಹೊಗೆಯಿಲ್ಲ. ಆದರೆ ಅಲ್ಯೂಮಿನಿಯಂ, ಹಿತ್ತಾಳೆ ಪಾತ್ರೆಗಳು ನಡೆಯವು. ಮನೆಯಲ್ಲೇ ಪಾತ್ರೆಯ ತಳಕ್ಕೆ ಒಂದು ಅಯಸ್ಕಾಂತ ಹಿಡಿದು ನೋಡಿ. ಅಂಟಿದರೆ ಒಯ್ಯಿರಿ, ಇಲ್ಲದಿದ್ದರೆ ಬೇಡ. ಇನ್ವರ್ಟರ್ ಮೇಲೆ ನಡೆಸುವುದಾದರೆ ಅದು ಪ್ಯೂರ್ ಸೈನ್ ವೇವ್ ಆಗಿರಲಿ.

ಕೆಟಲ್: ಮನೆಯಲ್ಲಿರುವ ದೊಡ್ಡದನ್ನು ಬಿಟ್ಟು ಅರ್ಧ ಲೀಟರಿನ, 600 ವ್ಯಾಟ್‌ನದನ್ನು ಆರಿಸಿ. ಐದಾರು ನಿಮಿಷದಲ್ಲಿ ನೀರು ಕುದಿಯುತ್ತದೆ. ಚಿಕ್ಕ ಪ್ಲಗ್ಗಿಗೂ ಭಾರವಲ್ಲ. ಮಗುವಿನ ಹಾಲಿಗೆ, ಅಜ್ಜನ ಮಾತ್ರೆಗೆ ಬೇಕಾದ ಬಿಸಿನೀರಿಗೆ ಇದು ಸಾಕು. ಕಾರಿನ ಸಿಗರೇಟ್ ಲೈಟರ್ ತೂತಿಗೆ ಸಿಕ್ಕಿಸುವ ಕೆಟಲ್‌ಗಳೂ ಸಿಗುತ್ತವೆ. ಆ ತೂತಿನಿಂದ ಸಿಗುವುದು 120ರಿಂದ 180 ವ್ಯಾಟ್ ಮಾತ್ರ. ಅರ್ಧ ಲೀಟರಿಗೆ ಅರ್ಧ ಗಂಟೆ ಹಿಡಿದೀತು.

ಮೈಕ್ರೋವೇವ್: ಡಬ್ಬದ ಮೇಲೆ 700 ವ್ಯಾಟ್ ಎಂದಿದ್ದರೆ ಅದು ಆಹಾರಕ್ಕೆ ಕೊಡುವ ಶಾಖ. ಪ್ಲಗ್ಗಿನಿಂದ ಎಳೆಯುವುದು ಸಾವಿರಕ್ಕೂ ಹೆಚ್ಚು. ಭಾರವೂ ಜಾಸ್ತಿ. ಗಾಡಿಯಲ್ಲೇ ಅಳವಡಿಸಿದ್ದರೆ ಬಳಸಿ, ಪ್ರತ್ಯೇಕವಾಗಿ ಹೊತ್ತೊಯ್ಯಬೇಡಿ.

ಮಿಕ್ಸಿ: ಚಟ್ನಿ ಜಾರ್ ಒಂದೇ ಸಾಕು. ಮಸಾಲೆಯನ್ನು ಮನೆಯಲ್ಲೇ ಹುರಿದು ಪುಡಿ ಮಾಡಿ ಒಯ್ದರೆ ಅದೂ ಬೇಕಾಗದು.

ಥರ್ಮಲ್ ಕುಕ್ಕರ್: ಕೇರಳದ ನಮ್ಮ ಮನೆಗಳಿಗೆ ಇದು ಹೊಸದಲ್ಲ. ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು ಮನೆಮನೆಗೆ ಪರಿಚಯಿಸಿದ 'ಚೂಡಾರಪ್ಪೆಟ್ಟಿ'ಯ ತತ್ವವೇ ಇದು. ಕುಚ್ಚಲಕ್ಕಿಯನ್ನು ಹತ್ತು ಹದಿನೈದು ನಿಮಿಷ ಚೆನ್ನಾಗಿ ಕುದಿಸಿ, ಪಾತ್ರೆಯನ್ನು ಶಾಖ ಹೊರಹೋಗದ ಪೆಟ್ಟಿಗೆಯಲ್ಲಿಟ್ಟು ಮುಚ್ಚಿದರೆ ಒಂದೆರಡು ಗಂಟೆಯಲ್ಲಿ ತಾನಾಗಿಯೇ ಬೇಯುತ್ತದೆ. ಬೆಂಕಿಯಿಲ್ಲ, ಕರೆಂಟಿಲ್ಲ, ಕಾಯುವವರೂ ಬೇಡ. ಬೆಳಿಗ್ಗೆ ಹೊರಡುವ ಮುನ್ನ ಕುದಿಸಿಟ್ಟರೆ ಗಾಡಿ ಓಡುತ್ತಿರುವಾಗಲೇ ಊಟ ಸಿದ್ಧ. ಎರಡು ಎಚ್ಚರಿಕೆ: ಮಧ್ಯೆ ಮಧ್ಯೆ ಮುಚ್ಚಳ ತೆಗೆದು ನೋಡಬಾರದು, ಬೇಯಿಸಿದ್ದನ್ನು ಮಧ್ಯಾಹ್ನವೇ ಉಂಡು ಮುಗಿಸಬೇಕು. ಉಗುರು ಬೆಚ್ಚಗಾದ ಅನ್ನದಲ್ಲಿ ಹೊಟ್ಟೆ ಕೆಡಿಸುವ ಸೂಕ್ಷ್ಮಜೀವಿಗಳು ಬೇಗ ಬೆಳೆಯುತ್ತವೆ. ನಮ್ಮನ್ನು ಕೇಳಿದರೆ, ಯಾತ್ರೆಗಾಗಿ ಒಂದೇ ಒಂದು ಹೊಸ ವಸ್ತು ಕೊಳ್ಳುವುದಾದರೆ ಇದನ್ನೇ ಕೊಳ್ಳಿ ಎನ್ನುತ್ತೇವೆ.

ಏನೇ ಒಯ್ದರೂ ಕಟ್ಟಿ ಭದ್ರಪಡಿಸಿ. ದಿಂಬಂ ಘಾಟಿಯಲ್ಲಿ 27 ತಿರುವುಗಳಿವೆ. ಮೇಲಿನ ಹಲಗೆಯಿಂದ ಕುಕ್ಕರ್ ಜಾರಿ ಬಿದ್ದರೆ ಕೆಳಗೆ ಕೂತವರ ತಲೆಗೇ ಪೆಟ್ಟು. ಭಾರದವು ಕೆಳಗೆ, ಹಗುರದವು ಮೇಲೆ.

ಮಕ್ಕಳ ದೇಶಕ್ಕೆ ಹೋಗುವವರಿಗೆ

ಅಮೆರಿಕ, ಕೆನಡಾಗಳಲ್ಲಿ ಮನೆಯ ಕರೆಂಟು 120 ವೋಲ್ಟ್, ನಮ್ಮದು 230. ಇಲ್ಲಿಂದ ಒಯ್ದ ಕೆಟಲ್ ಅಲ್ಲಿ ಕಾಲುಭಾಗದಷ್ಟೇ ಶಾಖ ಕೊಡುತ್ತದೆ. ಅಲ್ಲಿಂದ ಪ್ರೀತಿಯಿಂದ ತಂದದ್ದನ್ನು ಇಲ್ಲಿಯ ಪ್ಲಗ್ಗಿಗೆ ನೇರವಾಗಿ ಹಾಕಿದರೆ ಸುಟ್ಟುಹೋಗುತ್ತದೆ. ಆದ್ದರಿಂದ ಮಿಕ್ಸಿ ಹೊತ್ತೊಯ್ಯುವ ಮುನ್ನ ಅದರ ತಳದಲ್ಲಿ ಬರೆದಿರುವ ವೋಲ್ಟೇಜ್ ಓದಿ. ಅಲ್ಲಿಯ ಆರ್‌ವಿ ತಂಗುದಾಣಗಳಲ್ಲಿ ಸಾಮಾನ್ಯವಾಗಿ ಸಿಗುವ 30 ಆಂಪಿಯರ್ ಸಂಪರ್ಕಕ್ಕೆ ಒಟ್ಟು ಮಿತಿ 3600 ವ್ಯಾಟ್. ಏಸಿ, ಕೆಟಲ್, ಮೈಕ್ರೋವೇವ್ ಮೂರನ್ನೂ ಒಟ್ಟಿಗೆ ಹಾಕಿದರೆ ಕರೆಂಟು ಕಡಿದುಹೋಗುತ್ತದೆ. ಒಂದಾದ ಮೇಲೊಂದು ಬಳಸುವುದು ಅಭ್ಯಾಸವಾಗಬೇಕು. ಅನ್ನಕ್ಕೂ ಬೇಳೆಗೂ ಒಂದೇ ಆಗುವ ಎಲೆಕ್ಟ್ರಿಕ್ ಪ್ರೆಷರ್ ಕುಕ್ಕರ್ ಅಲ್ಲಿಯೇ ಸಿಗುತ್ತದೆ. ಸುಮಾರು 700 ವ್ಯಾಟ್‌ನ ಚಿಕ್ಕದು ನಾಲ್ಕು ಜನಕ್ಕೆ ಧಾರಾಳ.

ಕೊನೆಗೆ, ಅಡುಗೆ ಯಾರದು?

ಸಾಧನಗಳ ಪಟ್ಟಿ ಉದ್ದವಾದಷ್ಟೂ ತೊಳೆಯುವ ಪಾತ್ರೆ ಹೆಚ್ಚು, ನೀರಿನ ಖರ್ಚು ಹೆಚ್ಚು. ಆ ಕೆಲಸವೆಲ್ಲ ಬೀಳುವುದು ಹೆಚ್ಚಾಗಿ ಒಬ್ಬರ ಮೇಲೆಯೇ. ಉಳಿದವರೆಲ್ಲ ಸಮುದ್ರ ನೋಡಲು, ಪೂಜೆಗೆ ಹೋಗಿ ಬಂದರೂ ಅಮ್ಮ ಮಾತ್ರ ಪಾತ್ರೆಗಳ ನಡುವೆ ಕುಳಿತಿದ್ದರೆ, ಆಕೆ ಮನೆ ಬಿಟ್ಟು ಹೊರಟದ್ದಾದರೂ ಏಕೆ? ವರ್ಷಕ್ಕೊಮ್ಮೆ ಮನೆಯಿಂದ ಹೊರಬೀಳುವ ತಾಯಂದಿರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ಯಾವ ಸಾಧನ ಆರಿಸಿದರೂ, ಅದು ಆಕೆಯ ಹೊರೆ ಇಳಿಸುತ್ತದೆಯೋ ಏರಿಸುತ್ತದೆಯೋ ಎಂಬ ಪ್ರಶ್ನೆಯನ್ನು ಮೊದಲು ಕೇಳೋಣ.

ದಿನಕ್ಕೆ ಒಂದು ಹೊತ್ತು ಮಾತ್ರ ಅಡುಗೆ, ಉಳಿದ ಹೊತ್ತಿಗೆ ಬುತ್ತಿ, ಹಣ್ಣು, ದಾರಿಯ ಹೋಟೆಲಿನ ಇಡ್ಲಿ ಎಂದು ಹೊರಡುವ ಮುನ್ನವೇ ಗೊತ್ತುಮಾಡಿಕೊಳ್ಳೋಣ. ತರಕಾರಿ ಹೆಚ್ಚುವುದು ಮಕ್ಕಳದು, ಒಲೆಯ ಕಾವಲು ಒಬ್ಬ ಹಿರಿಯರದು, ಪಾತ್ರೆ ತೊಳೆಯುವುದು ಗಂಡಸರದು ಎಂದು ಕೆಲಸ ಹಂಚಿಕೊಳ್ಳೋಣ. ಒಂದು ಕುಕ್ಕರ್, ಒಂದು ಚಿಕ್ಕ ಕೆಟಲ್, ಒಂದು ಥರ್ಮಲ್ ಪೆಟ್ಟಿಗೆ, ತಂಗುವ ಕಡೆಗೆಂದು ಒಂದು ಇಂಡಕ್ಷನ್ ಒಲೆ. ಇಷ್ಟಿದ್ದರೆ ಐದಾರು ಜನರ ಕುಟುಂಬ ವಾರವಿಡೀ ಹಸಿಯದೆ ತಿರುಗಿ ಬರಬಹುದು. ಪಟ್ಟಿ ಚಿಕ್ಕದಿರಲಿ, ಗಾಡಿಯಲ್ಲಿ ಜಾಗವಿರಲಿ, ಹೊರಟವರೆಲ್ಲರೂ ಕ್ಷೇಮವಾಗಿ ಮನೆ ಸೇರಲಿ.