ಕಿರುಗೊಳವೆಯ ಬಿರುಕು

೨೦೧೦ನೆಯ ಇಸವಿ ನವೆಂಬರ್ ೪ರ ಬೆಳಿಗ್ಗೆ, ಲಂಡನ್ನಿನಿಂದ ಬಂದು ಸಿಂಗಪುರದಲ್ಲಿ ತಂಗಿ ಸಿಡ್ನಿಗೆ ಹೊರಟಿದ್ದ ಕ್ವಾಂಟಾಸ್ ಸಂಸ್ಥೆಯ ಏರ್‌ಬಸ್ ಎ-೩೮೦ ವಿಮಾನವು, ಚಾಂಗಿ ನಿಲ್ದಾಣದ ನೆಲವನ್ನು ಬಿಟ್ಟ ನಾಲ್ಕೈದು ನಿಮಿಷಗಳಲ್ಲಿ, ಇಂಡೊನೇಷ್ಯಕ್ಕೆ ಸೇರಿದ ಬಾತಾಮ್ ದ್ವೀಪದ ಮೇಲೆ ಸುಮಾರು ೭೦೦೦ ಅಡಿಗಳ ಎತ್ತರಕ್ಕೆ ಏರಿದ್ದಾಗ, ಅದರ ಎಡರೆಕ್ಕೆಯ ಒಳಬದಿಯ ಎಂಜಿನಿನಿಂದ ಒಂದರ ಬೆನ್ನಿಗೊಂದರಂತೆ ಎರಡು ಸ್ಫೋಟಗಳ ಸದ್ದು ಕೇಳಿಬಂದಿತು. ಎರಡಂತಸ್ತಿನ ಆ ಮಹಾವಿಮಾನದಲ್ಲಿ ಆಗ ೪೪೦ ಪ್ರಯಾಣಿಕರೂ ೨೯ ಮಂದಿ ಸಿಬ್ಬಂದಿಯವರೂ ಇದ್ದರು. ಎಂಜಿನಿನೊಳಗಿನ ಭಾರಿ ಲೋಹಚಕ್ರವೊಂದು ಒಡೆದು, ಅದರ ಹೋಳುಗಳು ರೆಕ್ಕೆಯನ್ನು ಸೀಳಿಕೊಂಡು ಹಾದುಹೋದುವು. ಎಂಜಿನಿನ ಚೂರುಗಳು ಕೆಳಗಿನ ಊರಿನ ಮೇಲೆ ಸುರಿದರೂ ಅಲ್ಲಿ ಯಾರಿಗೂ ಪೆಟ್ಟಾಗಲಿಲ್ಲ. ಆಸ್ಟ್ರೇಲಿಯದ ಸಾರಿಗೆ ಸುರಕ್ಷಾ ಮಂಡಲಿಯು ಎರಡೂವರೆ ವರ್ಷಗಳಿಗೂ ಮಿಕ್ಕಿ ತನಿಖೆ ನಡೆಸಿ ೨೦೧೩ರ ಜೂನ್ ತಿಂಗಳಲ್ಲಿ ಪ್ರಕಟಿಸಿದ ವರದಿಯಿಂದ ತಿಳಿಯುವುದೇನೆಂದರೆ, ಇಷ್ಟೆಲ್ಲ ಅನಾಹುತಕ್ಕೂ ಮೂಲವಾದುದು ಎಣ್ಣೆಯನ್ನೊಯ್ಯುವ ಒಂದು ಗಿಡ್ಡ ಕೊಳವೆಯಲ್ಲಿ ಬಿಟ್ಟ ಬಿರುಕು.

ಎಂಜಿನಿಗೆ ಎಣ್ಣೆ ಏಕೆ ಬೇಕೆಂಬುದನ್ನು ನಮ್ಮ ರೈತನು ಎಂದಿನಿಂದಲೂ ಬಲ್ಲವನು. ಬಂಡಿಯ ಕೆಳಗೆ ಬಿದಿರಿನ ಗೊಟ್ಟದಲ್ಲಿ ಕೀಲೆಣ್ಣೆಯನ್ನು ತೂಗುಹಾಕಿಕೊಂಡು, ಅಚ್ಚು ಕಿರುಗುಟ್ಟಿದೊಡನೆ ಇಳಿದು ಸವರುತ್ತಿದ್ದವನಿಗೆ, ಒಂದನ್ನೊಂದು ಉಜ್ಜುವ ಎರಡು ಮೈಗಳ ನಡುವೆ ಜಿಡ್ಡಿನ ತೆಳುಪದರ ಇರಲೇಬೇಕೆಂಬ ತತ್ತ್ವವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೆ ವಿಮಾನದ ಟರ್ಬೈನ್ ಎಂಜಿನಿನಲ್ಲಿ ಎಣ್ಣೆಯ ಮೇಲೆ ಇದಕ್ಕಿಂತಲೂ ಗುರುತರವಾದ ಇನ್ನೊಂದು ಹೊಣೆಯಿದೆ. ಅದು ಶಾಖವನ್ನು ಹೊತ್ತೊಯ್ಯುವ ಹೊಣೆ. ಬೇರಿಂಗುಗಳ ಮೇಲೆ ಸಣ್ಣ ಬಾಯಿಗಳಿಂದ ಚಿಮ್ಮಿದ ಎಣ್ಣೆ, ಅಲ್ಲಿನ ಬಿಸಿಯನ್ನು ಹೀರಿಕೊಂಡು, ಹಿಂದೆಳೆಯುವ ಪಂಪುಗಳ ಮೂಲಕ ಮರಳಿ ಬಂದು, ಇಂಧನ ಹರಿಯುವ ನಾಳಗಳ ಪಕ್ಕದಲ್ಲಿ ಹಾಯ್ದು ತನ್ನ ಶಾಖವನ್ನು ಇಂಧನಕ್ಕೆ ಒಪ್ಪಿಸಿ, ತಂಪಾಗಿ, ಮತ್ತೆ ಅದೇ ಪ್ರದಕ್ಷಿಣೆಗೆ ಹೊರಡುತ್ತದೆ. ಎಣ್ಣೆಯ ಮೊತ್ತವೇನೂ ಹೆಚ್ಚಲ್ಲ. ಅದರ ಸಂಚಾರ ಮಾತ್ರ ಒಂದು ಕ್ಷಣವೂ ನಿಲ್ಲುವಂತಿಲ್ಲ.

ಆ ವಿಮಾನಕ್ಕೆ ಹೊಂದಿಸಿದ್ದ ರೋಲ್ಸ್-ರಾಯ್ಸ್ ಟ್ರೆಂಟ್ ೯೦೦ ಎಂಜಿನಿನಲ್ಲಿ ಒಂದರೊಳಗೊಂದು ಸೇರಿಕೊಂಡ ಮೂರು ದಂಡಗಳಿವೆ. ಮುಂದಿನ ಮಹಾ ಪಂಖವನ್ನು ತಿರುಗಿಸುವ ದಂಡ, ನಡುವಣ ಒತ್ತಡದ ದಂಡ, ಅಧಿಕ ಒತ್ತಡದ ದಂಡ, ಈ ಮೂರೂ ತಮ್ಮ ತಮ್ಮ ವೇಗದಲ್ಲಿ ಬೇರೆ ಬೇರೆಯಾಗಿ ಸುತ್ತುವುವು. ಅಧಿಕ ಒತ್ತಡದ ದಂಡದ ವೇಗ ನಿಮಿಷಕ್ಕೆ ಹತ್ತು ಸಾವಿರ ಸುತ್ತುಗಳನ್ನೂ ಮೀರಬಲ್ಲುದು. ನಡುವಣ ಮತ್ತು ಅಧಿಕ ಒತ್ತಡದ ದಂಡಗಳ ಹಿಂದುದಿಗಳನ್ನು ಹೊರುವ ರೋಲರ್ ಬೇರಿಂಗುಗಳು ಎಂಜಿನಿನ ಅತ್ಯಂತ ಬಿಸಿಯಾದ ಭಾಗದಲ್ಲಿ, ಉರಿಯುವ ಅನಿಲದ ಪ್ರವಾಹದ ನಟ್ಟನಡುವೆ, ಒಂದು ಕೋಣೆಯೊಳಗೆ ಅಡಗಿವೆ. ಹೊರಗೆ ಹರಿಯುವ ಅನಿಲವೋ ಲೋಹವನ್ನೇ ಕರಗಿಸುವಷ್ಟು ತಪ್ತವಾದುದು. ಟರ್ಬೈನಿನ ಅಲಗುಗಳು ಅದರಲ್ಲಿ ಬಾಳುವುದು ಒಳಗಿನ ಕಿರಿದಾದ ನಾಳಗಳಲ್ಲಿ ಹಾಯುವ ಗಾಳಿಯ ತಂಪಿನಿಂದ. ಇಂತಹ ಕುಲುಮೆಯ ಮಧ್ಯದಲ್ಲಿ ಬೇರಿಂಗಿನ ಕೋಣೆಗೆ ಎಣ್ಣೆಯನ್ನು ಮುಟ್ಟಿಸಬೇಕು; ಮುಟ್ಟಿಸಿದ ಎಣ್ಣೆಯ ಒಂದು ಹನಿಯೂ ಕೋಣೆಯಿಂದ ಹೊರಬೀಳದಂತೆ ಸುತ್ತಲೂ ಒತ್ತಡದ ಗಾಳಿಯನ್ನು ತುಂಬಿ ಕಾವಲಿಡಬೇಕು. ಆ ಕಾವಲಿನ ಗಾಳಿಯನ್ನು, ಗಾಳಿಯನ್ನು ಅದುಮುವ ಎಂಜಿನಿನ ಸಂಪೀಡಕದಿಂದಲೇ ತೆಗೆದುಕೊಳ್ಳುವುದರಿಂದ ಅದೂ ಬಿಸಿಯಾಗಿಯೇ ಇರುತ್ತದೆಂಬುದನ್ನು ಓದುಗರು ನೆನಪಿನಲ್ಲಿಡಬೇಕು.

ಎಣ್ಣೆಯನ್ನು ಆ ಕೋಣೆಗೆ ತಲುಪಿಸುವ ಗಿಡ್ಡ ಕೊಳವೆಯ ಬಾಯಿಯಲ್ಲಿ ಒಂದು ಶೋಧಕವನ್ನು ಕೂಡಿಸುವುದಕ್ಕಾಗಿ, ರಂಧ್ರದ ತುದಿಯನ್ನು ಸ್ವಲ್ಪ ದೂರ ಅಗಲಗೊಳಿಸಿ ಕೊರೆಯುವುದು ವಾಡಿಕೆ. ಈ ಕೊರೆತ ಕೊಳವೆಯ ಅಕ್ಷದ ಮೇಲೆಯೇ ಬಿದ್ದರೆ ಸುತ್ತಲಿನ ಗೋಡೆ ಎಲ್ಲ ಕಡೆಯೂ ಸಮನಾಗಿ ಉಳಿಯುತ್ತದೆ. ಕೊಂಚ ಸರಿದು ಬಿದ್ದರೆ ಒಂದು ಪಕ್ಕ ದಪ್ಪವಾಗಿಯೂ ಇನ್ನೊಂದು ಪಕ್ಕ ತೆಳುವಾಗಿಯೂ ಆಗುತ್ತದೆ. ಈ ಎಂಜಿನಿನಲ್ಲಿ ಆದದ್ದು ಅದೇ. ಆದರೆ ತನಿಖೆಯ ಅತ್ಯಂತ ಸ್ವಾರಸ್ಯಕರವಾದ ಭಾಗವೆಂದರೆ, ಕೊರೆತ ಸರಿದದ್ದು ಹೇಗೆ, ಸರಿದದ್ದು ಪರೀಕ್ಷಕರ ಕಣ್ಣಿಗೆ ಏಕೆ ಬೀಳಲಿಲ್ಲ ಎಂಬ ವಿಚಾರ. ವಿನ್ಯಾಸದ ನಕ್ಷೆಯಲ್ಲಿ ಆ ರಂಧ್ರದ ಸ್ಥಾನವನ್ನು ಕೊಳವೆ ಬಿಗಿಯಾಗಿ ಕೂರುವ ಜಾಗವನ್ನು ಆಧಾರವಾಗಿಟ್ಟುಕೊಂಡು ನಿರ್ಧರಿಸಲಾಗಿತ್ತು. ಕೊಳವೆಯನ್ನು ಕೂಡಿಸಿದ ಮೇಲೆ ಆ ಜಾಗ ಅಳತೆಯ ಉಪಕರಣಕ್ಕೆ ಎಟಕುತ್ತಿರಲಿಲ್ಲ. ಆದುದರಿಂದ ತಯಾರಿಕೆಯ ನಕ್ಷೆಯಲ್ಲಿ ಸುಲಭವಾಗಿ ಎಟಕುವ ಬೇರೊಂದು ಆಧಾರವನ್ನು ಆರಿಸಿಕೊಂಡರು, ಎರಡೂ ಒಂದೇ ಅಕ್ಷದ ಮೇಲಿವೆಯೆಂದು ನಂಬಿದರು. ಜೋಡಣೆಯ ಸಮಯದಲ್ಲಿ ಭಾಗಗಳು ಅಲ್ಪಸ್ವಲ್ಪ ಕದಲಿದಾಗ ಆ ನಂಬಿಕೆ ಸುಳ್ಳಾಯಿತು. ಅಳೆಯುವವನ ಲೆಕ್ಕ ಮಾತ್ರ ಸರಿಯಾಗಿಯೇ ಬರುತ್ತಿತ್ತು, ಏಕೆಂದರೆ ಕೊರೆದದ್ದೂ ಅಳೆದದ್ದೂ ಅದೇ ತಪ್ಪಾದ ಆಧಾರದಿಂದ. ಇಂಗ್ಲೆಂಡಿನ ಹಕ್ನಲ್ ಎಂಬಲ್ಲಿ ಈ ಭಾಗಗಳನ್ನು ತಯಾರಿಸಿದ ಕಾರ್ಖಾನೆಯಲ್ಲಿ, ಸಣ್ಣಪುಟ್ಟ ವ್ಯತ್ಯಾಸಗಳನ್ನು ವರದಿ ಮಾಡದೆ ಬಿಟ್ಟರೂ ನಡೆದೀತೆಂಬ ಮನೋಭಾವ ಬೆಳೆದಿತ್ತೆಂದೂ ತನಿಖೆ ಕಂಡುಕೊಂಡಿತು. ಲೋಹವನ್ನು ದೂರುವುದಕ್ಕಿಂತ ಅಳೆಯುವ ಕ್ರಮವನ್ನು ಕುರಿತು ಯೋಚಿಸುವುದು ಇಲ್ಲಿ ನ್ಯಾಯವೆಂದು ನನಗೆ ತೋರುತ್ತದೆ. ಯಾವ ಆಧಾರದ ಮೇಲೆ ಭಾಗವು ನಿಜವಾಗಿ ದುಡಿಯಬೇಕೋ ಅದರಿಂದಲೇ ಅದನ್ನು ಅಳೆಯಬೇಕು. ಅದಕ್ಕೆ ಎಡೆಯಿಲ್ಲವೆಂದಾದರೆ ವಿನ್ಯಾಸವನ್ನೇ ಬದಲಿಸಬೇಕು.

ತೆಳುವಾದ ಗೋಡೆಯ ಕೊಳವೆ ತಕ್ಷಣ ಒಡೆಯಲಿಲ್ಲ. ಲೋಹಕ್ಕೂ ದಣಿವುಂಟು: ಒಮ್ಮೆ ಬಂದರೆ ಏನೂ ಮಾಡಲಾರದ ಭಾರ, ಸಾವಿರಾರು ಸಲ ಮರಳಿ ಮರಳಿ ಬಂದಾಗ ಕಣ್ಣಿಗೆ ಕಾಣದ ಸೀಳನ್ನು ಹುಟ್ಟಿಸಿ, ಅದನ್ನು ಪ್ರತಿ ಸಲವೂ ಕೂದಲೆಳೆಯಷ್ಟು ಮುಂದಕ್ಕೆ ತಳ್ಳುತ್ತದೆ. ಹೀಗೆ ಬೆಳೆದ ಸೀಳು ಅಂದಿನ ಬೆಳಿಗ್ಗೆ ಬಾಯ್ತೆರೆದಾಗ, ಒತ್ತಡದಲ್ಲಿದ್ದ ಎಣ್ಣೆ ತುಂತುರಾಗಿ ಹೊರಚಿಮ್ಮಿ, ಸುತ್ತಣ ಕಾವಲಿನ ಬಿಸಿಗಾಳಿಯಲ್ಲಿ ಬೆರೆತು, ಯಾವ ಕಿಡಿಯ ಹಂಗೂ ಇಲ್ಲದೆ ತಾನಾಗಿಯೇ ಹೊತ್ತಿಕೊಂಡಿತು. ಎಣ್ಣೆ ಸೋರಿ ಬೇರಿಂಗು ಒಣಗುವುದಕ್ಕೆ ಮೊದಲೇ, ಸೋರಿದ ಎಣ್ಣೆಯೇ ಶತ್ರುವಾಯಿತು. ಬೆಂಕಿಯ ಶಾಖ ನಡುವಣ ಟರ್ಬೈನಿನ ಚಕ್ರವನ್ನು ದಂಡಕ್ಕೆ ಸೇರಿಸುವ ಲೋಹದ ತೋಳನ್ನು ಮೆತ್ತಗಾಗಿಸಿತು, ತೋಳು ಕಳಚಿತು. ಅಲ್ಲಿಯವರೆಗೆ ಸಂಪೀಡಕವನ್ನು ತಿರುಗಿಸುವ ಭಾರವನ್ನು ಹೊತ್ತಿದ್ದ ಚಕ್ರಕ್ಕೆ ಈಗ ಯಾವ ಭಾರವೂ ಇಲ್ಲ. ಬಿಸಿ ಅನಿಲವೋ ಅದರ ಅಲಗುಗಳನ್ನು ಮುಂಚಿನಂತೆಯೇ ನೂಕುತ್ತಿದೆ. ತಿರುಗುವ ಚಕ್ರವನ್ನು ಹರಿಯಲೆಳಸುವ ಬಲ ಅದರ ವೇಗದ ವರ್ಗವನ್ನು ಅನುಸರಿಸಿ ಏರುವುದರಿಂದ, ಕೆಲವೇ ಕ್ಷಣಗಳಲ್ಲಿ ಚಕ್ರ ತನ್ನ ಸಾಮರ್ಥ್ಯವನ್ನು ಮೀರಿ ಸುತ್ತಿ ಒಡೆಯಿತು. ಮುರಿದ ಒಂದು ಅಲಗನ್ನು ತಡೆದು ಹಿಡಿಯುವಂತೆ ಎಂಜಿನಿನ ಕವಚವನ್ನು ಕಟ್ಟುವುದುಂಟು. ಇಡೀ ಚಕ್ರದ ಹೋಳನ್ನು ಹಿಡಿದಿಡುವ ಕವಚವನ್ನು ಹೊತ್ತು ಹಾರುವುದು ಸಾಧ್ಯವಿಲ್ಲ. ಆದುದರಿಂದಲೇ ಚಕ್ರವು ಎಂದೂ ಒಡೆಯಬಾರದೆಂಬುದು ಎಂಜಿನ್ ಶಾಸ್ತ್ರದ ಮೊದಲ ಕಟ್ಟಳೆ.

ರಸ್ತೆಯ ವಾಹನದಲ್ಲಿ ಇಷ್ಟು ಭೀಕರವಾದುದು ನಡೆಯಲಾರದಾದರೂ ತತ್ತ್ವ ಬೇರೆಯಲ್ಲ. ಎಣ್ಣೆ ಶೋಧಕದ ರಬ್ಬರು ಬಳೆ ಹರಿದಾಗಲೋ, ತಳದ ಬಿರಡೆಯ ಮರೆ ಸವೆದು ಕಳಚಿದಾಗಲೋ, ಒತ್ತಡವನ್ನು ಅರಿಯುವ ಪುಟ್ಟ ಸ್ವಿಚ್ಚು ಒಡೆದಾಗಲೋ ಎಣ್ಣೆ ಒಮ್ಮೆಲೇ ಹೊರಹೋಗುತ್ತದೆ, ಚಾಲಕನ ಮುಂದೆ ಕೆಂಪು ದೀಪ ಹೊತ್ತುತ್ತದೆ. ಸಾಮಾನ್ಯವಾಗಿ ಈ ದೀಪ ಸೂಚಿಸುವುದು ಎಣ್ಣೆಯ ಮಟ್ಟವನ್ನಲ್ಲ, ಒತ್ತಡವನ್ನು. ಕಾರಿನ ಎಂಜಿನಿನ ಮುಖ್ಯ ಬೇರಿಂಗುಗಳಲ್ಲಿ ಉರುಳೆಗಳಿಲ್ಲ, ದಂಡವು ತೇಲುವುದು ಎಣ್ಣೆಯ ಪದರದ ಮೇಲೆಯೇ, ಆದುದರಿಂದ ಒತ್ತಡ ಹೋಯಿತೆಂದರೆ ಲೋಹ ಲೋಹವನ್ನು ಕಚ್ಚಿತೆಂದೇ ಅರ್ಥ. ಮುಂದಿನ ಊರಿನ ಗ್ಯಾರೇಜಿನವರೆಗೆ ಹೇಗಾದರೂ ತಲುಪೋಣವೆಂಬ ಆಸೆ ಇಲ್ಲಿ ಎಂಜಿನನ್ನೇ ಬಲಿಗೊಡುವುದು. ಬದಿಗೆ ಸರಿದು ಒಡನೆಯೇ ಎಂಜಿನನ್ನು ನಿಲ್ಲಿಸಬೇಕು. ಹೊಗೆನಳಿಗೆಯ ಮೇಲೆ ಬಿದ್ದ ಎಣ್ಣೆ ಹೊತ್ತಿಕೊಳ್ಳಬಹುದಾದುದರಿಂದ, ಹೊಗೆ ಕಂಡರೆ ಎಲ್ಲರೂ ಇಳಿದು ದೂರ ನಿಲ್ಲಬೇಕು. ತಣಿದ ಮೇಲೆಯೇ ಕೆಳಗೆ ಬಾಗಿ ನೋಡಬೇಕು. ಹೊಸ ಎಣ್ಣೆ ಸುರಿದು ಹೊರಡುವುದು ಉಪಾಯವಲ್ಲ, ಪಂಪು ಅದನ್ನೂ ಅದೇ ತೂತಿನಿಂದ ಹೊರಗೆ ಚೆಲ್ಲುತ್ತದೆ. ವಾಹನವನ್ನು ಎಳೆಸಿಕೊಂಡು ಹೋಗಿ ಕೆಟ್ಟ ಭಾಗವನ್ನೇ ಬದಲಿಸಬೇಕು.

ವಿಮಾನಕ್ಕೆ ಬದಿಗೆ ಸರಿದು ನಿಲ್ಲುವ ಸೌಕರ್ಯವಿಲ್ಲ. ಚಾಲಕ ಕೋಣೆಯಲ್ಲಿ ಅಂದು, ಪರೀಕ್ಷಣೆಗೆಂದು ಬಂದವರೂ ಸೇರಿ, ಐದು ಮಂದಿ ಪೈಲಟ್ಟುಗಳಿದ್ದರು. ನಾಯಕರು ರಿಚರ್ಡ್ ಡಿ ಕ್ರೆಸ್ಪಿನಿ. ಅವರು ಮೊದಲು ಏರುವುದನ್ನು ನಿಲ್ಲಿಸಿ ವಿಮಾನವನ್ನು ಒಂದೇ ಎತ್ತರದಲ್ಲಿ ಸ್ಥಿರಗೊಳಿಸಿದರು. ಆಮೇಲೆ ಕಂಪ್ಯೂಟರಿನ ಪರದೆಯ ಮೇಲೆ ದೋಷಸೂಚನೆಗಳು ಮಳೆಯಂತೆ ಬರತೊಡಗಿದುವು: ಹೈಡ್ರಾಲಿಕ್ ವ್ಯವಸ್ಥೆ, ವಿದ್ಯುತ್ತು, ಬ್ರೇಕು, ಇಂಧನ, ರೆಕ್ಕೆಯ ಅಂಗಗಳು, ಒಂದೂ ಉಳಿಯಲಿಲ್ಲ. ಸಿಂಗಪುರದ ಸಮೀಪದಲ್ಲಿಯೇ ಸುತ್ತು ಹಾಕುತ್ತ, ಸುಮಾರು ೫೦ ನಿಮಿಷಗಳ ಕಾಲ ಒಂದೊಂದೇ ಸೂಚನೆಯನ್ನು ಓದಿ, ವಿಧಿಸಿದ ಕ್ರಮವನ್ನು ಕೈಗೊಂಡರು. ಆದರೆ ಕುರುಡಾಗಿ ಅಲ್ಲ. ಎರಡು ಪಕ್ಕಗಳ ಇಂಧನದ ತೂಕ ಅಸಮವಾಗಿದೆ, ಒಂದರಿಂದ ಇನ್ನೊಂದಕ್ಕೆ ಹಾಯಿಸಿರೆಂದು ಪರದೆ ಹೇಳಿದಾಗ, ತೂತುಬಿದ್ದ ರೆಕ್ಕೆಯ ನಾಳಗಳನ್ನು ನಂಬಿ ಇಂಧನ ಸಾಗಿಸಲು ಅವರು ಒಪ್ಪಲಿಲ್ಲ. ಕೆಟ್ಟವುಗಳ ಪಟ್ಟಿ ಮನಸ್ಸಿನ ಹಿಡಿತವನ್ನು ಮೀರಿದಾಗ ಡಿ ಕ್ರೆಸ್ಪಿನಿಯವರು ಪ್ರಶ್ನೆಯನ್ನೇ ತಿರುಗಿಸಿ, ಇನ್ನೂ ಕೆಲಸ ಮಾಡುತ್ತಿರುವುದು ಏನೇನೆಂದು ಕೇಳಿಕೊಂಡರು. ಉಳಿದ ಇಷ್ಟರಿಂದ ಒಂದು ಚಿಕ್ಕ ಸೆಸ್ನಾ ವಿಮಾನವನ್ನು ಮನಸ್ಸಿನಲ್ಲಿ ಕಟ್ಟಿಕೊಂಡು ಅದನ್ನು ಇಳಿಸಲು ಸಿದ್ಧರಾದರು. ಈ ಪದ್ಧತಿಯನ್ನು ತಾವು ಅಪೊಲೊ ೧೩ ಚಂದ್ರಯಾನದ ಸಮಯದಲ್ಲಿ ಭೂಮಿಯಿಂದ ನಿಯಂತ್ರಣ ನಡೆಸಿದ ಜೀನ್ ಕ್ರಾಂಜ್ ಅವರಿಂದ ಪಡೆದುದಾಗಿ ಅವರು ಹೇಳಿದ್ದಾರೆ. ವಿಪತ್ತಿನಲ್ಲಿ ಬುದ್ಧಿಯನ್ನು ಸ್ಥಿಮಿತದಲ್ಲಿಡುವುದಕ್ಕೆ ಇದಕ್ಕಿಂತ ಸಮರ್ಪಕವಾದ ಉಪಾಯವನ್ನು ನಾನು ಕಂಡಿಲ್ಲ.

ಇಂಧನವನ್ನು ಹೊರಗೆ ಚೆಲ್ಲುವ ವ್ಯವಸ್ಥೆಯೂ ಕೆಟ್ಟಿದ್ದುದರಿಂದ, ಇಳಿಯಲು ನಿಗದಿಯಾದ ಗರಿಷ್ಠ ತೂಕಕ್ಕಿಂತ ಹತ್ತಾರು ಟನ್ನುಗಳ ಹೆಚ್ಚು ಭಾರದೊಡನೆ ಅವರು ಇಳಿಯಬೇಕಾಯಿತು. ೪೦೦೦ ಮೀಟರು ಉದ್ದದ ಹಾದಿಯಲ್ಲಿ ಕೊನೆಗೆ ಸುಮಾರು ೧೦೦ ಮೀಟರು ಮಾತ್ರ ಮಿಗುವುದೆಂದು ಲೆಕ್ಕ ಹೇಳಿತ್ತು. ಇಳಿಯುವ ಭಂಗಿಯಲ್ಲಿ ವಿಮಾನ ಹತೋಟಿಗೆ ಬರುವುದೋ ಇಲ್ಲವೋ ಎಂದು ಎತ್ತರದಲ್ಲಿಯೇ ಪರೀಕ್ಷಿಸಿಕೊಂಡು, ಎರಡು ತಾಸಿಗೆ ಸ್ವಲ್ಪ ಕಡಿಮೆಯ ಹಾರಾಟದ ನಂತರ ನೆಲ ಮುಟ್ಟಿಸಿದಾಗ, ಸುಮಾರು ೧೫೦ ಮೀಟರು ಉಳಿಯಿತು. ನಾಲ್ಕು ಟಯರುಗಳ ಗಾಳಿ ಹೋಗಿತ್ತು. ಕೆಂಪಗೆ ಕಾದ ಬ್ರೇಕುಗಳ ಬಳಿಯಲ್ಲಿ ತೂತಾದ ರೆಕ್ಕೆಯಿಂದ ಇಂಧನ ಸುರಿಯುತ್ತಿತ್ತು. ತಂತಿಗಳು ಕಡಿದುಹೋಗಿದ್ದುದರಿಂದ ಎಡತುದಿಯ ಎಂಜಿನು ಎಷ್ಟು ಮಾಡಿದರೂ ನಿಲ್ಲಲೊಲ್ಲದು. ಇಂತಹ ಸಮಯದಲ್ಲಿ ಜಾರುಬಂಡಿಗಳನ್ನು ಬಿಚ್ಚಿ ಜನರನ್ನು ಹೊರದೂಡುವುದೇ ಸಹಜವೆನಿಸೀತು. ಹಾಗೆ ಮಾಡಿದ್ದರೆ ಓಡುತ್ತಿದ್ದ ಎಂಜಿನಿನ ಮತ್ತು ಚೆಲ್ಲಿದ ಇಂಧನದ ನಡುವೆ ಜನ ಚೆದರುತ್ತಿದ್ದರು. ನಾಯಕರು ಎಲ್ಲರನ್ನೂ ಒಳಗೇ ಕುಳ್ಳಿರಿಸಿ, ಅಗ್ನಿಶಾಮಕ ದಳವು ನೊರೆ ಹರಡಿ ಬ್ರೇಕುಗಳನ್ನು ತಣಿಸಿದ ಮೇಲೆ, ಬಲಗಡೆಯ ಒಂದೇ ಬಾಗಿಲಿನಿಂದ ಮೆಟ್ಟಿಲ ಮೂಲಕ ಇಳಿಸಿದರು. ೪೬೯ ಜನರಲ್ಲಿ ಒಬ್ಬರಿಗೂ ಗಾಯವಾಗಲಿಲ್ಲ. ಹಟ ಹಿಡಿದ ಎಂಜಿನನ್ನು, ನೆಲ ಮುಟ್ಟಿ ಸುಮಾರು ಮೂರು ತಾಸುಗಳಾದ ಮೇಲೆ, ನೊರೆಯನ್ನು ಅದರೊಳಕ್ಕೆ ಹೊಡೆದು ಆರಿಸಬೇಕಾಯಿತು.

ಒಡೆದ ಚಕ್ರದ ಕಾಣೆಯಾದ ಹೋಳಿನ ವಿಷಯವಾಗಿ ತನಿಖೆಯವರು ಬಾತಾಮಿನ ನಿವಾಸಿಗಳ ನೆರವನ್ನೂ ಬೇಡಿದರು. ದೊರೆತ ಚೂರುಗಳನ್ನು ಪರೀಕ್ಷಿಸಿ, ಒಂದು ತಿಂಗಳೊಳಗೇ, ಡಿಸೆಂಬರ್ ೨ರಂದು, ಕೊಳವೆಯ ಓರೆಕೊರೆತದ ವಿಚಾರವಾಗಿ ಎಚ್ಚರಿಕೆ ಹೊರಟಿತು. ಆ ಜಾತಿಯ ಎಂಜಿನುಗಳಲ್ಲಿದ್ದ ಕೊಳವೆಗಳನ್ನೆಲ್ಲ ಅಳೆದು ದೋಷವುಳ್ಳವನ್ನು ಸೇವೆಯಿಂದ ತೆಗೆದರು. ಗಾಯಗೊಂಡ ವಿಮಾನವು ದೀರ್ಘವಾದ ದುರಸ್ತಿಯನ್ನು ಪಡೆದು ೨೦೧೨ರ ಏಪ್ರಿಲಿನಲ್ಲಿ ಮತ್ತೆ ಹಾರಿತು. ಎಂಜಿನಿನ ನಿಯಂತ್ರಕ ಕಂಪ್ಯೂಟರಿಗೆ ಈ ನಡುವೆ ಹೊಸದೊಂದು ಪಾಠವನ್ನು ಸೇರಿಸಲಾಗಿತ್ತು: ನಡುವಣ ಟರ್ಬೈನಿನ ಚಕ್ರವು ದಂಡದಿಂದ ಕಳಚುವ ಲಕ್ಷಣಗಳು ಕಂಡೊಡನೆ, ಪೈಲಟ್ಟಿನ ಅಪ್ಪಣೆಗೆ ಕಾಯದೆ, ಅದು ಆ ಎಂಜಿನಿಗೆ ಇಂಧನವನ್ನು ಕಡಿದುಬಿಡುತ್ತದೆ. ಇಂಧನ ನಿಂತರೆ ಚಕ್ರವನ್ನು ನೂಕುವ ಅನಿಲವೂ ನಿಂತು, ಅದು ಒಡೆಯುವ ವೇಗವನ್ನು ಮುಟ್ಟುವ ಮೊದಲೇ ತಣ್ಣಗಾಗುತ್ತದೆ. ಉಳಿದ ಮೂರು ಎಂಜಿನುಗಳಿಂದ ಎ-೩೮೦ ಹಾರಿ ಇಳಿಯಬಲ್ಲುದು.