ಹಡಗು ಹತ್ತುವ ಮುನ್ನ ತಂಗುವುದೆಲ್ಲಿ?

ಹಜ್ ಯಾತ್ರೆಯ ಕಾಲ ಬಂತೆಂದರೆ ದಾವಣಗೆರೆ, ಶಿವಮೊಗ್ಗ, ಹಾಸನ, ಕೋಲಾರಗಳ ಕಡೆಯಿಂದ ಹೊರಟ ವಾಹನಗಳು ಬೆಂಗಳೂರಿನ ಉತ್ತರ ಭಾಗಕ್ಕೆ ಮುಖ ಮಾಡುತ್ತವೆ. ಯಾತ್ರೆಗೆ ಹೊರಟವರು ಇಬ್ಬರಾದರೆ ಬೀಳ್ಕೊಡಲು ಬಂದವರು ಎಂಟು ಹತ್ತು ಮಂದಿ. ಯಾತ್ರಿಕರಿಗೇನೋ ಯಲಹಂಕ ಸಮೀಪದ ತಿರುಮೇನಹಳ್ಳಿಯಲ್ಲಿ ಹಜ್ ಭವನವಿದೆ. ಜತೆಗೆ ಬಂದವರ ಗತಿ? ಗಂಗಾನಗರದಲ್ಲಿ ರೂಮು ಹಿಡಿಯುವುದೋ, ಆರ್.ಟಿ. ನಗರದ ನೆಂಟರ ಮನೆಗೆ ಹೋಗುವುದೋ, ವಿಮಾನ ನಿಲ್ದಾಣದ ಹತ್ತಿರವೇ ದುಬಾರಿ ಹೋಟೆಲು ನೋಡುವುದೋ ಎಂಬ ಚರ್ಚೆ ಊರು ಬಿಡುವ ಮೊದಲೇ ಆರಂಭವಾಗಿರುತ್ತದೆ.

ದೂರ ಪ್ರಯಾಣಕ್ಕೆ ಮೊದಲು ಒಂದೆರಡು ದಿನ ಪಟ್ಟಣದಲ್ಲಿ ತಂಗುವ ಈ ಪ್ರಶ್ನೆ ವಿಮಾನದ ಜತೆಗೆ ಬಂದುದಲ್ಲ. 1995ರಲ್ಲಿ ಹಡಗಿನ ಹಜ್ ಯಾತ್ರೆ ನಿಲ್ಲುವವರೆಗೂ ಮುಂಬಯಿಯಿಂದ ಜೆಡ್ಡಾಕ್ಕೆ ಯಾತ್ರಿಕರ ಹಡಗುಗಳು ಹೋಗುತ್ತಿದ್ದವು. ಕೊನೆಯ ದಿನಗಳಲ್ಲಿ ಓಡುತ್ತಿದ್ದ ಹಡಗು ಎಂ.ವಿ. ಅಕ್ಬರಿ. ಹಡಗು ಹಿಡಿಯಬೇಕಾದವರು ಮೊದಲು ಮುಂಬಯಿಯಲ್ಲಿ ತಂಗಬೇಕು. ಎಲ್ಲಿ, ಎಷ್ಟು ದಿನ, ಯಾರನ್ನು ನಂಬಿ ಎಂಬುದರ ಮೇಲೆ ಇಡೀ ಯಾತ್ರೆ ನಿಂತಿತ್ತು.

ಅದೇಕೆ ಎಂದು ತಿಳಿಯಲು ಹಜ್‌ನ ಒಂದು ನಿಯಮ ಗೊತ್ತಿರಬೇಕು. ಇಸ್ಲಾಮೀ ಪಂಚಾಂಗದ ಜಿಲ್‌ಹಜ್ ತಿಂಗಳ ಒಂಬತ್ತನೆಯ ದಿನ ಯಾತ್ರಿಕ ಅರಫಾತ್ ಬಯಲಿನಲ್ಲಿ ಇರಲೇಬೇಕು. ಆ ದಿನ ತಪ್ಪಿದರೆ ಆ ವರ್ಷದ ಹಜ್ ತಪ್ಪಿದಂತೆ. ಕಾಶಿಗೆ ಹೋಗುವವರು ರೈಲು ತಪ್ಪಿದರೆ ಮರುದಿನದ ರೈಲು ಹಿಡಿಯಬಹುದು. ಹಜ್‌ನ ಕೊನೆಯ ಹಡಗು ತಪ್ಪಿಸಿಕೊಂಡವರು ಒಂದು ವರ್ಷ ಕಾಯಬೇಕು. ಹೊಲ ಮಾರಿ, ಹೆಣ್ಣುಮಕ್ಕಳ ಮದುವೆ ಮುಗಿಸಿ, ಜೀವಮಾನದ ಉಳಿತಾಯ ಕಟ್ಟಿಕೊಂಡು ಹೊರಟ ವಯಸ್ಸಾದವರಿಗೆ ಆ ಒಂದು ವರ್ಷ ಸಿಕ್ಕೇ ಸಿಗುತ್ತದೆಂಬ ಭರವಸೆ ಇರಲಿಲ್ಲ.

ಹಾಯಿಹಡಗಿನ ಕಾಲದಲ್ಲಿ ಕಾಯಿಸುತ್ತಿದ್ದುದು ಗಾಳಿ. ಬಿಜಾಪುರದ ಆದಿಲಶಾಹಿ ರಾಜ್ಯದವರಿಗೆ ಕೊಂಕಣದ ದಾಭೋಳ, ಮೊಗಲರ ಪ್ರಜೆಗಳಿಗೆ ಸೂರತ್ ಬಂದರು. ಮುಂಗಾರಿಗೆ ಮುಂಚೆ ಗಾಳಿ ಅನುಕೂಲವಿದ್ದಾಗ ಹಡಗು ಹೊರಡಬೇಕು. ಹಜ್ ತಿಂಗಳು ಅದಕ್ಕೆ ಹೊಂದಿಕೊಳ್ಳದಿದ್ದರೆ ತಿಂಗಳುಗಟ್ಟಲೆ ಅರಬರ ನಾಡಿನಲ್ಲೇ ಕಾಲ ಕಳೆಯಬೇಕು. ಹಬೆಹಡಗು ಬಂದ ಮೇಲೆ ಗಾಳಿಯ ಹಂಗು ತಪ್ಪಿತು. ಆದರೆ ಬೇರೊಂದು ಹಂಗು ಸೇರಿಕೊಂಡಿತು. ಹೊರಡುವ ದಿನವೆಂದು ಸಾರಿದ ದಿನ ಹಡಗು ಹೊರಡುತ್ತಿರಲಿಲ್ಲ. ಜನ ತುಂಬುವವರೆಗೆ ಮಾಲೀಕರು ಅದನ್ನು ಬಂದರಿನಲ್ಲೇ ನಿಲ್ಲಿಸಿಕೊಳ್ಳುತ್ತಿದ್ದರು.

ಹತ್ತೊಂಬತ್ತನೆಯ ಶತಮಾನದ ಮುಂಬಯಿಯಲ್ಲಿ ಭಾಷೆ ಬಾರದ ಹಳ್ಳಿಯವರಿಗೆ ಇದರಿಂದ ಆದ ಕಷ್ಟ ಅಷ್ಟಿಷ್ಟಲ್ಲ. ರೈಲು ಇಳಿಯುತ್ತಿದ್ದಂತೆಯೇ ದಲ್ಲಾಳಿಗಳು ಮುತ್ತುತ್ತಿದ್ದರು. ಟಿಕೆಟ್ ಅವರ ಮೂಲಕವೇ, ತಂಗುವ ಕೋಣೆ ಅವರದೇ. ದಿನ ಮುಂದೆ ಹೋದಂತೆ ಬಾಡಿಗೆಯೂ ಊಟದ ಖರ್ಚೂ ಏರುತ್ತಿತ್ತು. ಮೆಕ್ಕಾದ ಖರ್ಚಿಗೆಂದು ಸೆರಗಿನಲ್ಲಿ ಕಟ್ಟಿದ ಹಣ ಮುಂಬಯಿಯಲ್ಲೇ ಕರಗುತ್ತಿತ್ತು. ಈ ದಲ್ಲಾಳಿಗಳು ಲೈಸೆನ್ಸ್ ಪಡೆಯಬೇಕೆಂದು ಮುಂಬಯಿ ಸರ್ಕಾರ 1887ರಲ್ಲಿ ಕಾಯ್ದೆಯನ್ನೇ ಮಾಡಬೇಕಾಯಿತು.

ಅದಕ್ಕೆ ಒಂದು ವರ್ಷ ಮೊದಲು, 1886ರಲ್ಲಿ, ಬ್ರಿಟಿಷ್ ಸರ್ಕಾರ ಮತ್ತೊಂದು ಪ್ರಯೋಗ ಮಾಡಿತ್ತು. ಪ್ರವಾಸದ ವ್ಯವಹಾರದಲ್ಲಿ ಹೆಸರು ಮಾಡಿದ್ದ ಲಂಡನ್ನಿನ ಥಾಮಸ್ ಕುಕ್ ಕಂಪೆನಿಯನ್ನು ಹಜ್ ಯಾತ್ರಿಕರ ಸಾಗಾಣಿಕೆಗೆ ನೇಮಿಸಿತು. ಕಂಪೆನಿಯ ಯೋಜನೆ ಸರಳವಾಗಿತ್ತು. ಯಾತ್ರಿಕ ತನ್ನೂರಿನ ಕಡೆಯ ರೈಲು ನಿಲ್ದಾಣದಲ್ಲೇ ಜೆಡ್ಡಾದವರೆಗಿನ ಟಿಕೆಟ್ ಕೊಳ್ಳಬೇಕು. ಹಡಗಿನ ದಿನಕ್ಕೆ ಸರಿಯಾಗಿ ರೈಲು ಅವನನ್ನು ಮುಂಬಯಿಗೆ ತಲುಪಿಸಬೇಕು. ಆಗ ಪಟ್ಟಣದಲ್ಲಿ ತಂಗುವ ಪ್ರಶ್ನೆಯೇ ಇಲ್ಲ. ಕಾಗದದ ಮೇಲೆ ಚೆನ್ನಾಗಿದ್ದ ಈ ಲೆಕ್ಕ ವ್ಯವಹಾರದಲ್ಲಿ ಗಿಟ್ಟಲಿಲ್ಲ. 1893ರಲ್ಲಿ ಕಂಪೆನಿ ಹಿಂದೆ ಸರಿಯಿತು. ನಾಲ್ಕು ವರ್ಷ ಕಳೆಯುವುದರೊಳಗೆ ಪ್ಲೇಗು ಬಂದು, 1897ರಲ್ಲಿ ಮುಂಬಯಿಯಿಂದ ಹಜ್ ಪ್ರಯಾಣವೇ ನಿಂತುಹೋಯಿತು.

ಸರ್ಕಾರಕ್ಕೂ ಕಂಪೆನಿಗೂ ಬಗೆಹರಿಯದ ತಂಗುವ ಸಮಸ್ಯೆಯನ್ನು ಹಗುರ ಮಾಡಿದವರು ಮುಂಬಯಿಯ ಮುಸ್ಲಿಂ ವರ್ತಕರು. ಅವರ ದಾನದಿಂದ ಕಟ್ಟಿದ ಮುಸಾಫಿರಖಾನೆಗಳಲ್ಲಿ ಹೆಸರಾದುದು ಕ್ರಾಫರ್ಡ್ ಮಾರ್ಕೆಟ್ ಬಳಿಯ ಹಾಜಿ ಸಾಬೂ ಸಿದ್ದೀಕ್ ಮುಸಾಫಿರಖಾನೆ. ಭಾಯಖಳದಲ್ಲಿ ಎಂಜಿನಿಯರಿಂಗ್ ಕಾಲೇಜು ಇರುವುದೂ ಇದೇ ಮನೆತನದ ಹೆಸರಿನಲ್ಲಿ. ಮುಸಾಫಿರಖಾನೆ ಎಂಬುದು ಹಳೆಯ ಮೈಸೂರಿನವರಿಗೂ ಪರಿಚಿತ ಪದ. ನಮ್ಮ ಛತ್ರಗಳ ಸೋದರ ಸಂಬಂಧಿ ಎನ್ನಬಹುದು. ಅನುಕೂಲಗಳನ್ನು ನೋಡಿದರೆ ಅದು ಹೋಟೆಲಲ್ಲ. ಆದರೆ ಜಾಗ ಮಾತ್ರ ಯಾತ್ರಿಕನಿಗೆ ಹೇಳಿ ಮಾಡಿಸಿದಂತಿತ್ತು. ರೈಲು ನಿಲ್ದಾಣದಿಂದ ನಡೆದೇ ಬರಬಹುದು, ಬಂದರೂ ದೂರವಲ್ಲ, ಎದುರಿಗೇ ಪೇಟೆ.

ಬೆಂಗಳೂರು, ತುಮಕೂರು, ಚಿತ್ರದುರ್ಗದ ಕಡೆಯ ಯಾತ್ರಿಕರು ಮೀಟರ್‌ಗೇಜ್ ರೈಲಿನಲ್ಲಿ ಹರಿಹರ, ಹುಬ್ಬಳ್ಳಿ ದಾಟಿ ಪುಣೆ ತಲುಪಿ, ಅಲ್ಲಿ ಗಂಟುಮೂಟೆಗಳನ್ನೆಲ್ಲ ಇಳಿಸಿ ಬ್ರಾಡ್‌ಗೇಜ್ ಗಾಡಿಗೆ ಏರಿಸಿ ಮುಂಬಯಿಗೆ ಬರಬೇಕಿತ್ತು. ಗಂಟಿನಲ್ಲಿ ಬಟ್ಟೆ ಮಾತ್ರವಲ್ಲ, ತಿಂಗಳುಗಳಿಗಾಗುವ ಅಕ್ಕಿ, ಬೇಳೆ, ಉಪ್ಪಿನಕಾಯಿ, ಪಾತ್ರೆ ಎಲ್ಲ ಇರುತ್ತಿತ್ತು. ಅಷ್ಟನ್ನೂ ಹೊತ್ತವರಿಗೆ ನಿಲ್ದಾಣದ ಹತ್ತಿರ ಒಂದು ಸೂರು ಸಿಗುವುದೇ ದೊಡ್ಡದು.

ತಂಗಿದ ದಿನಗಳಲ್ಲಿ ವಿಶ್ರಾಂತಿ ಇರುತ್ತಿತ್ತೆಂದಲ್ಲ. ಯಾತ್ರಾ ಪಾಸು, ಟಿಕೆಟ್, ಸಿಡುಬು ಮತ್ತು ಕಾಲರಾ ಚುಚ್ಚುಮದ್ದಿನ ಸರ್ಟಿಫಿಕೇಟು - ಒಂದಿಲ್ಲದಿದ್ದರೂ ಹಡಗಿನ ಏಣಿ ಹತ್ತುವಂತಿರಲಿಲ್ಲ. ಎಲ್ಲ ಸರಿಯಿದ್ದು ಹೊರಟ ಹಡಗನ್ನೂ ಕೆಂಪು ಸಮುದ್ರದ ಕಮರಾನ್ ದ್ವೀಪದಲ್ಲಿ ತಡೆದು, ಯಾತ್ರಿಕರನ್ನು ಇಳಿಸಿ ರೋಗ ತಪಾಸಣೆ ಮಾಡುವ ಪದ್ಧತಿ 1882ರಿಂದ ಬಹುಕಾಲ ನಡೆಯಿತು.

ಆದರೂ ಹಡಗಿನಲ್ಲಿ ಒಂದು ಸೌಕರ್ಯವಿತ್ತು, ಸಮಯ. ಹಳೆಯ ಹಡಗುಗಳಲ್ಲಿ ಜೆಡ್ಡಾಕ್ಕೆ ಹನ್ನೆರಡರಿಂದ ಹದಿನೈದು ದಿನ. ಅಷ್ಟು ದಿನ ಒಟ್ಟಿಗಿದ್ದವರಲ್ಲಿ ತಿಳಿದವರು ತಿಳಿಯದವರಿಗೆ ಹಜ್‌ನ ವಿಧಿಗಳನ್ನು ಹೇಳಿಕೊಡುತ್ತಿದ್ದರು. ಯಲಮ್‌ಲಮ್ ಎಂಬ ಸ್ಥಳದ ನೇರಕ್ಕೆ ಹಡಗು ಬಂದಾಗ ಶಿಳ್ಳೆ ಕೂಗುತ್ತಿತ್ತು. ಗಂಡಸರು ಸ್ನಾನ ಮುಗಿಸಿ, ಹೊಲಿಗೆಯಿಲ್ಲದ ಎರಡು ಬಿಳಿ ಬಟ್ಟೆಗಳ ಇಹ್ರಾಮ್ ಧರಿಸುತ್ತಿದ್ದರು. ಆ ಗಡಿಯನ್ನು ಇಹ್ರಾಮ್ ಇಲ್ಲದೆ ದಾಟುವಂತಿಲ್ಲ.

ವಿಮಾನ ಆ ಗಡಿಯನ್ನು ಆಕಾಶದಲ್ಲಿ ದಾಟುತ್ತದೆ. ಕಿರಿದಾದ ಸೀಟಿನಲ್ಲಿ ಕುಳಿತು ಸ್ನಾನವೆಲ್ಲಿ, ಬಟ್ಟೆ ಬದಲಿಸುವುದೆಲ್ಲಿ? ಹೀಗಾಗಿ ನೇರವಾಗಿ ಮೆಕ್ಕಾಕ್ಕೆ ಹೋಗುವವರು ಬೆಂಗಳೂರಿನಲ್ಲಿ ತಂಗಿದ ಜಾಗದಲ್ಲೇ ಇಹ್ರಾಮ್ ತೊಟ್ಟು ಹೊರಡುವುದುಂಟು. ಮೊದಲು ಮದೀನಾಕ್ಕೆ ಹೋಗುವವರಿಗೆ ಈ ಅವಸರವಿಲ್ಲ. ಹಡಗಿನ ಹದಿನೈದು ದಿನಗಳಲ್ಲಿ ನಿಧಾನವಾಗಿ ನಡೆಯುತ್ತಿದ್ದ ಸಿದ್ಧತೆಯಲ್ಲಿ ಬಹುಪಾಲು ಈಗ ಹೊರಡುವ ಮುಂಚಿನ ಒಂದೆರಡು ದಿನಕ್ಕೆ ಇಳಿದಿದೆ. ಪಾಸ್‌ಪೋರ್ಟು, ವೀಸಾ, ಮಣಿಕಟ್ಟಿಗೆ ಹಾಕುವ ಗುರುತಿನ ಕಡಗ, ಕೊನೆಯ ತಿಳಿವಳಿಕೆ, ಎಲ್ಲವೂ ಹಜ್ ಭವನದಲ್ಲಿ. ಮೆದುಳು ಜ್ವರದ ಲಸಿಕೆ ಹಾಕಿಸಿಕೊಂಡ ದಾಖಲೆಯೂ ಕೈಯಲ್ಲಿರಬೇಕು. ಹಜ್ ಭವನ ಸುದ್ದಿಯಾದುದು ಇದಕ್ಕಲ್ಲ. 2018ರಲ್ಲಿ ಅದಕ್ಕೆ ಟಿಪ್ಪುವಿನ ಹೆಸರಿಡುವ ವಿವಾದದಿಂದ, 2020ರಲ್ಲಿ ಕೋವಿಡ್ ಆರೈಕೆ ಕೇಂದ್ರವಾದುದರಿಂದ.

ಖಾಸಗಿ ಟೂರ್‌ನವರ ಮೂಲಕ ಹಜ್‌ಗೋ ಉಮ್ರಾಕ್ಕೋ ಹೋಗುವವರಿಗೆ ತಂಗುವ ಆಯ್ಕೆ ತಮ್ಮದೇ. ವಿಮಾನ ನಿಲ್ದಾಣದ ಸುತ್ತ ಇರುವ ಹೋಟೆಲುಗಳು ಅವಸರದವರಿಗೆ ಸರಿ, ಬೆಲೆ ಹೆಚ್ಚು. ಗಂಗಾನಗರ, ಆರ್.ಟಿ. ನಗರಗಳಿಂದ ನಿಲ್ದಾಣಕ್ಕೆ ಮೂವತ್ತು ಕಿ.ಮೀ.ಗೆ ಸ್ವಲ್ಪ ಕಡಿಮೆ ದೂರ. ಬಳ್ಳಾರಿ ರಸ್ತೆಯಲ್ಲಿ ವಾಯುವಜ್ರ ಬಸ್ಸು ಓಡುತ್ತದೆ, ಔಷಧಿ ಅಂಗಡಿ, ಮಸೀದಿ, ಊಟ ಎಲ್ಲ ಕೈಗೆಟಕುವಷ್ಟು ಹತ್ತಿರ. ತೊಂದರೆಯೆಂದರೆ ನಡುವೆ ಹೆಬ್ಬಾಳವಿದೆ. ಅಲ್ಲಿನ ವಾಹನ ದಟ್ಟಣೆಯ ಲೆಕ್ಕ ಹಿಡಿಯದೆ ಹೊರಟವರು ಪಶ್ಚಾತ್ತಾಪ ಪಡುತ್ತಾರೆ. ವಯಸ್ಸಾದವರಿದ್ದರೆ ರೂಮಿನ ದರಕ್ಕಿಂತ ಮೊದಲು ಕೇಳಬೇಕಾದುದು ಲಿಫ್ಟು ಇದೆಯೇ, ನಡುರಾತ್ರಿ ಬಿಸಿನೀರು ಸಿಗುತ್ತದೆಯೇ ಎಂದು. ಇಹ್ರಾಮ್‌ಗೆ ಮುಂಚೆ ಸ್ನಾನ ಮಾಡುವುದು ವಾಡಿಕೆ. ವಿಮಾನ ಹೊರಡುವುದು ಯಾವ ಹೊತ್ತಿಗಾದರೂ ಆಗಬಹುದು.

ಆಚೆ ದಡದ ವಸತಿಯಲ್ಲೂ ಕನ್ನಡ ನಾಡಿನ ಒಂದು ಪಾಲಿದೆ. ಹೈದರಾಬಾದಿನ ನಿಜಾಮರ ಹೆಸರಿನ ರುಬಾತ್, ಎಂದರೆ ಯಾತ್ರಿಕರ ಉಚಿತ ವಸತಿಗೃಹ, ಮೆಕ್ಕಾದಲ್ಲಿದೆ. ಹಿಂದೆ ನಿಜಾಮರ ಆಡಳಿತದಲ್ಲಿದ್ದ ಬೀದರ್, ಕಲಬುರಗಿ, ರಾಯಚೂರು ಕಡೆಯವರಿಗೂ ಅಲ್ಲಿ ಹಕ್ಕುಂಟು. ಚೀಟಿ ಎತ್ತಿ ಆಯ್ಕೆ ಮಾಡುವುದು ರೂಢಿ.

2018ರ ಜನವರಿಯಲ್ಲಿ ಹಡಗಿನ ಹಜ್ ಯಾತ್ರೆಗೆ ಸೌದಿ ಅರೇಬಿಯ ಒಪ್ಪಿದೆಯೆಂದು ಕೇಂದ್ರ ಸರ್ಕಾರ ಪ್ರಕಟಿಸಿತ್ತು. 2,300 ನಾಟಿಕಲ್ ಮೈಲಿಗಳ ದಾರಿಯನ್ನು ಹೊಸ ಹಡಗು ಎರಡು ಮೂರು ದಿನಗಳಲ್ಲಿ ಮುಗಿಸೀತೆಂಬ ಲೆಕ್ಕ ಹೇಳಲಾಗಿತ್ತು. ಆ ವರ್ಷ ಹಡಗು ಹೊರಡಲಿಲ್ಲ. ಬೀಳ್ಕೊಡುವ ಕ್ರಮ ಮಾತ್ರ ಹಾಗೆಯೇ ಉಳಿದಿದೆ. ಹೊರಡುವ ಮುನ್ನ ಯಾತ್ರಿಕರು ನೆಂಟರಿಷ್ಟರ, ನೆರೆಹೊರೆಯವರ ಕೈ ಹಿಡಿದು, ‘ಕಹಾ ಸುನಾ ಮಾಫ್’ ಎಂದು ಆಡಿದ ಮಾತಿಗೆಲ್ಲ ಕ್ಷಮೆ ಕೇಳುತ್ತಾರೆ. ಮುಂಬಯಿಯವರೆಗೆ ಬರಲಾಗದವರು ಹಿಂದೆ ಇದನ್ನು ತಮ್ಮೂರ ರೈಲು ನಿಲ್ದಾಣದಲ್ಲೇ ಮುಗಿಸುತ್ತಿದ್ದರು. ಈಗ ಹತ್ತು ಮಂದಿಯೂ ಬೆಂಗಳೂರಿಗೆ ಬರುತ್ತಾರೆ, ರೂಮು ಹುಡುಕುತ್ತಾರೆ.