ಹಸಿದ ಮಿದುಳಿನ ಇಂಧನ

ಮೂಕಂಡಪಲ್ಲಿಯಲ್ಲಿ ಊಟದ ಹೊತ್ತನ್ನು ಗೊತ್ತುಮಾಡುವುದು ಶಿಫ್ಟು. ಹೊಸೂರಿನ ಸಿಪ್ಕಾಟ್ ಕಾರ್ಖಾನೆಗಳಲ್ಲಿ ರಾತ್ರಿಪಾಳಿ ಮುಗಿಸಿದವರು ಖಾಲಿ ಹೊಟ್ಟೆಯಲ್ಲೇ ಮಲಗುವುದೂ ಉಂಟು. ಮಿದುಳಿಗೆ ಆಗಲೂ ರಜೆಯಿಲ್ಲ. ದೇಹದ ತೂಕದಲ್ಲಿ ಅದರ ಪಾಲು ಶೇ 2, ಖರ್ಚು ಮಾಡುವ ಶಕ್ತಿ ಶೇ 20ರಷ್ಟು.

ಮಿದುಳು ಗ್ಲೂಕೋಸ್ ಬಿಟ್ಟು ಬೇರೇನನ್ನೂ ಮುಟ್ಟುವುದಿಲ್ಲ ಎಂದೇ ಬಹುಕಾಲ ನಂಬಲಾಗಿತ್ತು. 1967ರಲ್ಲಿ ಅಮೆರಿಕದ ಆಲಿವರ್ ಓವೆನ್ ಮತ್ತು ಜಾರ್ಜ್ ಕಾಹಿಲ್ ತಂಡ, ಐದಾರು ವಾರ ಉಪವಾಸವಿದ್ದ ಮೂವರು ಸ್ಥೂಲಕಾಯರ ಮಿದುಳಿಗೆ ಹೋಗಿಬರುವ ರಕ್ತವನ್ನು ಪರೀಕ್ಷಿಸಿತು. ಮಿದುಳು ಹೆಚ್ಚಾಗಿ ಉರಿಸುತ್ತಿದ್ದದ್ದು ಕೀಟೋನ್‌ಗಳನ್ನು! ಊಟ ತಪ್ಪಿದಾಗ ಯಕೃತ್ತು ಕೊಬ್ಬಿನಿಂದ ತಯಾರಿಸುವ ಸಣ್ಣ ಅಣುಗಳಿವು; ಅವುಗಳಲ್ಲಿ ಮುಖ್ಯವಾದದ್ದು ಬೀಟಾ-ಹೈಡ್ರಾಕ್ಸಿಬ್ಯುಟಿರೇಟ್.

ಹಾಗಾದರೆ ಲಕ್ವ ಹೊಡೆದಾಗಲೂ ಇದೇ ಇಂಧನ ಮಿದುಳನ್ನು ಕಾಪಾಡೀತೇ? ರಕ್ತನಾಳ ಕಟ್ಟಿಕೊಂಡಾಗ ಒಳತಿರುಳು ಬೇಗನೆ ಸಾಯುತ್ತದೆ. ಸುತ್ತಲಿನ ಭಾಗಕ್ಕೆ ಅಕ್ಕಪಕ್ಕದ ನಾಳಗಳಿಂದ ಚೂರುಪಾರು ರಕ್ತ ಬರುತ್ತಿರುತ್ತದೆ. ಅದು ಕೆಲಸ ನಿಲ್ಲಿಸಿದ್ದರೂ ಜೀವ ಬಿಟ್ಟಿರುವುದಿಲ್ಲ. ಸಂಶೋಧಕರ ಕಣ್ಣು ಇರುವುದು ಆ ಅಂಚಿನ ಮೇಲೆ. ಇಲಿಗಳಲ್ಲಿ ಕೀಟೋನ್‌ಗಳು ಹಾನಿಯ ಜಾಗವನ್ನು ಕುಗ್ಗಿಸಿವೆ. ಅವು ಬರೀ ಇಂಧನವಲ್ಲ ಎಂಬುದೂ ಗೊತ್ತಾಗಿದೆ: ಬೀಟಾ-ಹೈಡ್ರಾಕ್ಸಿಬ್ಯುಟಿರೇಟ್ ರೋಗನಿರೋಧಕ ಕಣಗಳ ಮೇಲಿನ ಒಂದು ಗ್ರಾಹಕವನ್ನು ಚುರುಕುಗೊಳಿಸಿ ಮಿದುಳನ್ನು ರಕ್ಷಿಸುತ್ತದೆ ಎಂದು 2014ರಲ್ಲಿ ಜರ್ಮನಿಯ ಲ್ಯೂಬೆಕ್‌ನ ವಿಜ್ಞಾನಿಗಳು ಇಲಿಗಳಲ್ಲಿ ತೋರಿಸಿದರು.

ಸಂಭ್ರಮಕ್ಕೆ ಇನ್ನೂ ಹೊತ್ತಿದೆ. ಇಂಥ ಹಲವು ಪ್ರಯೋಗಗಳಲ್ಲಿ ಕೀಟೋನ್ ಕೊಟ್ಟದ್ದು ನಾಳ ಕಟ್ಟುವುದಕ್ಕೆ ಮುಂಚೆ. ಮನುಷ್ಯರಿಗೆ ಲಕ್ವ ಮುಂಗಡ ತಿಳಿಸಿ ಬರುವುದಿಲ್ಲ. ಇನ್ನೊಂದು ತೊಡಕು ರಸಾಯನದ್ದೇ: ಆಮ್ಲಜನಕ ಇಲ್ಲದಿದ್ದರೂ ಗ್ಲೂಕೋಸ್‌ನಿಂದ ಅಷ್ಟಿಷ್ಟು ಶಕ್ತಿ ಹುಟ್ಟುತ್ತದೆ, ಕೀಟೋನ್‌ನಿಂದ ಏನೂ ಹುಟ್ಟದು. ರಕ್ತವೇ ತಲುಪದ ಕಡೆ ಅದು ಸೀಮೆಎಣ್ಣೆ ಇದ್ದೂ ಗಾಳಿಯಾಡದ ಒಲೆ.

ಹಾಗಾಗಿ ಚಿಕಿತ್ಸೆಯೆಂದರೆ ಮೊದಲು ನಾಳ ತೆರೆಯುವುದು. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ಇರುವ ಗಡುವು ನಾಲ್ಕೂವರೆ ಗಂಟೆ. ಅದಕ್ಕೂ ಮುಂಚೆ ಸಿಟಿ ಸ್ಕ್ಯಾನ್ ಆಗಿ, ರಕ್ತಸ್ರಾವವಿಲ್ಲ ಎಂದು ಖಾತ್ರಿಯಾಗಬೇಕು. ಜೂಜುವಾಡಿ, ಅತ್ತಿಬೆಲೆ, ಎಲೆಕ್ಟ್ರಾನಿಕ್ ಸಿಟಿ ದಾಟಿ ಸಿಲ್ಕ್ ಬೋರ್ಡ್ ಜಾಮ್‌ನಲ್ಲಿ ಸಿಕ್ಕಿಕೊಂಡವರಿಗೆ ನಿಮ್ಹಾನ್ಸ್ ಎಷ್ಟು ದೂರ ಎಂಬುದು ಗೊತ್ತು. ಮುಖ ಸೊಟ್ಟಗಾಗಿ ಮಾತು ತೊದಲಿದ ಕೂಡಲೇ 108ಕ್ಕೆ ಫೋನ್ ಮಾಡಿ, ಸಿಟಿ ಸ್ಕ್ಯಾನ್ ಇರುವ ಹತ್ತಿರದ ಆಸ್ಪತ್ರೆ ಯಾವುದೆಂದು ಕೇಳುವುದು ಮೇಲು. ದಾರಿಯಲ್ಲಿ ನೀರು, ಜ್ಯೂಸ್ ಕುಡಿಸಬಾರದು. ನುಂಗುವ ಶಕ್ತಿ ಹೋಗಿದ್ದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ.

ಲಕ್ವದ ಬೇರು ಹೆಚ್ಚಾಗಿ ಬಿಪಿ, ಶುಗರ್‌ನಲ್ಲಿದೆ. ಅವುಗಳ ಮಾತ್ರೆಯನ್ನು ಮನೆಬಾಗಿಲಿಗೇ ತಲುಪಿಸುವ ತಮಿಳುನಾಡಿನ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆ 2021ರ ಆಗಸ್ಟ್ 5ರಂದು ಶುರುವಾದದ್ದು ಇದೇ ಕೃಷ್ಣಗಿರಿ ಜಿಲ್ಲೆಯ ಸಾಮನಪಲ್ಲಿಯಲ್ಲಿ. ನನ್ನ ಕಣ್ಣಿಗೆ ಸದ್ಯಕ್ಕೆ ಯಾವ ಕೀಟೋನ್ ಪುಡಿಗಿಂತಲೂ ಆ ಮಾತ್ರೆ ದೊಡ್ಡದು.

ಮೊಬೈಲಿನಲ್ಲಿ ಕೀಟೋ ಡಯಟ್ ನೋಡಿ ಮುದ್ದೆ, ಅನ್ನ ಬಿಡುವವರು ತಾವು ನುಂಗುವ ಶುಗರ್ ಮಾತ್ರೆಯ ಹೆಸರನ್ನು ಡಾಕ್ಟರಿಗೆ ಮೊದಲು ತೋರಿಸಬೇಕು. ‘ಗ್ಲಿಫ್ಲೋಜಿನ್’ ಎಂದು ಕೊನೆಯಾಗುವ ಮಾತ್ರೆಗಳ ಜೊತೆ ಈ ಪಥ್ಯ ಸೇರಿದರೆ, ಮೀಟರಿನಲ್ಲಿ ಶುಗರ್ ಹೆಚ್ಚೇನೂ ಕಾಣದಿದ್ದರೂ ರಕ್ತದಲ್ಲಿ ಕೀಟೋನ್ ಮಿತಿಮೀರಿ ಆಮ್ಲ ಏರಬಹುದು. ವಾಂತಿ, ಹೊಟ್ಟೆನೋವು, ಏದುಸಿರು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.